ಟಿಕೆಟ್ ಕೊಳ್ಳದೆ ಲಂಡನ್: ದುಡ್ಡಿನ ಲೆಕ್ಕವಲ್ಲ, ಕಾಲಿನ ಲೆಕ್ಕ

ಮಗನ ಮನೆಗೆ ಹೋದ ಮೊದಲ ವಾರವೇ ನಾವಿಬ್ಬರೂ ಲಂಡನ್ ಟವರ್ ನೋಡಲು ಹೊರಟೆವು. ಟಿಕೆಟ್ ಒಬ್ಬರಿಗೆ 30 ಪೌಂಡಿಗೂ ಜಾಸ್ತಿ. ನಮ್ಮೆಜಮಾನರು ಬೋರ್ಡಿನ ಮುಂದೆ ನಿಂತು ಮನಸ್ಸಲ್ಲೇ ರೂಪಾಯಿಗೆ ಗುಣಿಸಿದರು. "ಇಬ್ಬರಿಗೆ ಏಳೆಂಟು ಸಾವಿರ ಕಣೇ. ಕೋಟೆ ಅಲ್ವಾ? ಶ್ರೀರಂಗಪಟ್ಟಣದಲ್ಲಿ ನೋಡಿದ್ದೀವಲ್ಲ" ಅಂದರು. ಸರಿ, ಒಳಗೆ ಹೋಗಲಿಲ್ಲ. ಕೋಟೆಯ ಸುತ್ತ ಒಂದು ಸುತ್ತು ಹಾಕಿ ನದಿ ಕಡೆ ಕಲ್ಲುಬೆಂಚಿನ ಮೇಲೆ ಕೂತೆವು. ಅಷ್ಟರಲ್ಲಿ ಟವರ್ ಬ್ರಿಡ್ಜ್ ಮೇಲಿನ ವಾಹನಗಳು ನಿಂತವು, ರಸ್ತೆ ಎರಡು ಹೋಳಾಗಿ ಮೇಲೆದ್ದಿತು, ನಡುವೆ ಒಂದು ಹಾಯಿಹಡಗು ತೇಲಿಕೊಂಡು ಹೋಯಿತು. ನಯಾಪೈಸೆ ಖರ್ಚಿಲ್ಲ.

ಆಮೇಲಿನ ಎರಡೂವರೆ ತಿಂಗಳು ನಮ್ಮ ಸುತ್ತಾಟವೆಲ್ಲ ಇದೇ ದಾರಿ ಹಿಡಿಯಿತು. ಅದರಲ್ಲಿ ಕಲಿತದ್ದು ಒಂದೇ ಮಾತು. ಲಂಡನ್ನಿನಲ್ಲಿ ಪುಕ್ಕಟೆ ನೋಡಲು ಬೇಕಾದಷ್ಟಿದೆ, ಹಾಗೆ ಜಾಸ್ತಿ ಇರೋದೇ ತೊಂದರೆ. ಜೇಬು ಖಾಲಿಯಾಗೋದಿಲ್ಲ, ಕಾಲು ಖಾಲಿಯಾಗುತ್ತೆ. ಅದಕ್ಕೇ ಈ ಬರಹದಲ್ಲಿ ದುಡ್ಡಿಗಿಂತ ಕಾಲಿನ ಲೆಕ್ಕವೇ ಜಾಸ್ತಿ.

ಪುಕ್ಕಟೆ ಅಂದ ಮಾತ್ರಕ್ಕೆ ಎರಡನೇ ದರ್ಜೆ ಅಂದುಕೊಳ್ಳಬೇಡಿ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದಾಗಲೇ ಪ್ರವೇಶಕ್ಕೆ ಹಣ ಕೇಳಿರಲಿಲ್ಲ. ಹಣ ಕೇಳುತ್ತಿದ್ದ ಉಳಿದ ರಾಷ್ಟ್ರೀಯ ಮ್ಯೂಸಿಯಂಗಳೂ 2001ರ ಡಿಸೆಂಬರ್‌ನಿಂದ ಖಾಯಂ ಸಂಗ್ರಹವನ್ನು ಉಚಿತ ಮಾಡಿದವು. ನೀವು ವಿದೇಶದವರು ಅಂತ ಬೇರೆ ರೇಟಿಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಬಾಗಿಲಲ್ಲಿ ಕಾಣಿಕೆ ಡಬ್ಬಿ ಇರುತ್ತೆ. ಹಾಕಿದರೆ ಸಂತೋಷ, ಹಾಕದಿದ್ದರೆ ಯಾರೂ ಮುಖ ಸಿಂಡರಿಸೋದಿಲ್ಲ.

ಹಂತ 1: ಊರಲ್ಲಿರುವಾಗಲೇ ಮಾಡಬೇಕಾದ್ದು

ಮೊದಲು ತಿಂಗಳು ನೋಡಿ. ಜೂನ್‌ನಲ್ಲಿ ಹೋದರೆ ರಾತ್ರಿ ಒಂಬತ್ತರ ತನಕ ಬೆಳಕು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಅಂದರೆ ಬೇಸಿಗೆಯ ಒಂದು ದಿನ ಚಳಿಗಾಲದ ಎರಡು ದಿನಕ್ಕೆ ಸಮ. ಡಿಸೆಂಬರ್ 24ರಿಂದ 26ರವರೆಗೆ ದೊಡ್ಡ ಮ್ಯೂಸಿಯಂಗಳು ಮುಚ್ಚಿರುತ್ತವೆ. 25ರಂದು ಬಸ್ಸು, ಮೆಟ್ರೊ ಎರಡೂ ಇಲ್ಲ. ಆ ದಿನ ಮನೆಯಲ್ಲೇ ಬಿಸಿಬೇಳೆಬಾತ್ ಮಾಡಿಕೊಂಡು ಕೂರೋದು.

ಆಮೇಲೆ ಬುಕಿಂಗ್. ಹಣ ಇಲ್ಲದಿದ್ದರೂ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕಾದ ಜಾಗಗಳಿವೆ. ಸ್ಕೈ ಗಾರ್ಡನ್ ಅಂತ ಗಗನಚುಂಬಿ ಕಟ್ಟಡದ ನೆತ್ತಿಯ ಮೇಲಿನ ತೋಟ ಒಂದು. ಅದರ ಉಚಿತ ಟಿಕೆಟ್ ಸೋಮವಾರ ಬಿಡುತ್ತಾರೆ, ಮುಂದಿನ ಕೆಲವು ವಾರಗಳದ್ದು ಮಾತ್ರ. ಸೂರ್ಯಾಸ್ತದ ಸ್ಲಾಟ್ ನೋಡನೋಡುತ್ತಿದ್ದಂತೆ ಖಾಲಿ. ಅದರ ಹತ್ತಿರವೇ 2023ರಲ್ಲಿ ತೆರೆದ ಹೊರೈಜನ್ 22 ಇದೆ. 58ನೇ ಮಹಡಿ, ನೆಲದಿಂದ 254 ಮೀಟರ್ ಮೇಲೆ. ಎರಡಕ್ಕೂ ಪ್ರಯತ್ನಿಸಿ, ಒಂದು ಸಿಕ್ಕರೂ ಸಾಕು. ಲಂಡನ್ ಮಿಥ್ರೇಯಂ ಎಂಬ ರೋಮನ್ ಗುಡಿಗೂ ಬುಕ್ ಮಾಡಿ. ಬ್ರಿಟಿಷ್ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂಗಳಿಗೆ ಬುಕ್ ಮಾಡದೆಯೂ ಹೋಗಬಹುದು, ಆದರೆ ರಜಾ ದಿನಗಳಲ್ಲಿ ಬುಕ್ ಮಾಡಿದವರ ಸಾಲು ಬೇಗ ಸರಿಯುತ್ತೆ.

ಹಂತ 2: ಬಸ್ಸೇ ನಿಮ್ಮ ಟೂರ್ ಬಸ್ಸು

ಛಾವಣಿ ತೆರೆದ ಟೂರ್ ಬಸ್ಸಿಗೆ ಹತ್ತಾರು ಪೌಂಡ್ ಕೊಡುವ ಬದಲು ಊರಿನ ಕೆಂಪು ಬಸ್ಸಲ್ಲೇ ಹತ್ತಿ ಮೇಲಿನ ಮಹಡಿಯ ಮುಂದಿನ ಸೀಟಲ್ಲಿ ಕೂರಿ. ನಾವಿದ್ದಾಗ ಟಿಕೆಟ್ 1.75 ಪೌಂಡ್. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ಕೊಡಬೇಕಿಲ್ಲ. ದಿನಕ್ಕೆ ಇಷ್ಟೇ ಅಂತ ಮಿತಿಯೂ ಇದೆ. ಮೂರು ಬಸ್ಸಿನ ದುಡ್ಡು ಕಡಿತವಾದ ಮೇಲೆ ಆ ದಿನದ ಉಳಿದ ಬಸ್ಸುಗಳೆಲ್ಲ ಪುಕ್ಕಟೆ.

ಎರಡು ನಂಬರ್ ಬರೆದಿಟ್ಟುಕೊಳ್ಳಿ. 15ನೇ ನಂಬರ್ ಟ್ರಫಾಲ್ಗರ್ ಚೌಕದ ಕಡೆಯಿಂದ ಸೇಂಟ್ ಪಾಲ್ಸ್ ಮುಂದೆ ಹಾದು ಟವರ್ ತನಕ ಹೋಗುತ್ತೆ. 9ನೇ ನಂಬರ್ ಟ್ರಫಾಲ್ಗರ್ ಚೌಕ, ಹೈಡ್ ಪಾರ್ಕ್ ಮೂಲೆ, ಆಲ್ಬರ್ಟ್ ಹಾಲ್ ದಾಟಿ ಪಶ್ಚಿಮಕ್ಕೆ ಹೋಗುತ್ತೆ. ಇವೆರಡರಲ್ಲೇ ಅರ್ಧ ಲಂಡನ್ ಆಯಿತು.

ಬಸ್ಸಲ್ಲಿ ನಗದು ತೆಗೆದುಕೊಳ್ಳೋದು 2014ರಲ್ಲೇ ನಿಂತಿದೆ. ಕಾರ್ಡ್ ಟ್ಯಾಪ್ ಮಾಡಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್. ಇಲ್ಲಿ ನಾನು ಮಾಡಿಕೊಂಡ ಫಜೀತಿ ಹೇಳಿಬಿಡುತ್ತೇನೆ. ಊರಿನ ಬ್ಯಾಂಕ್ ಕಾರ್ಡ್ ಇದೆ ಅಂತ ಧೈರ್ಯವಾಗಿ ಹತ್ತಿ ತೋರಿಸಿದೆ. ಕೆಂಪು ದೀಪ. ಇನ್ನೊಮ್ಮೆ ತೋರಿಸಿದೆ. ಮತ್ತೆ ಕೆಂಪು. ಹಿಂದೆ ಹತ್ತು ಜನ ಕಾಯ್ತಿದ್ದಾರೆ. ಕಡೆಗೆ ಇಳಿದೆವು. ಬ್ಯಾಂಕಿನ ಆ್ಯಪಲ್ಲಿ ವಿದೇಶಿ ಬಳಕೆ ಮತ್ತು ಟ್ಯಾಪ್ ಸೌಲಭ್ಯ ಎರಡೂ ಆಫ್ ಆಗಿದ್ದವು. ಹೊರಡುವ ಮೊದಲೇ ಅವೆರಡನ್ನೂ ಆನ್ ಮಾಡಿಕೊಳ್ಳಿ. ಮೆಟ್ರೊ, ಅಂದರೆ ಟ್ಯೂಬ್, ಹತ್ತುವುದಾದರೆ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ದಾಟಿದ ಮೇಲೆ ಹತ್ತಿ. ಅಷ್ಟರೊಳಗೆ ದರ ಜಾಸ್ತಿ, ನೂಕುನುಗ್ಗಲು ಇನ್ನೂ ಜಾಸ್ತಿ.

ಹಂತ 3: ದಿನಕ್ಕೊಂದು ಬಡಾವಣೆ, ಮ್ಯೂಸಿಯಂಗೆ ಮೂರೇ ವಸ್ತು

ಒಂದು ದಿನ ಒಂದೇ ಬಡಾವಣೆ. ಒಂದು ದಿನಕ್ಕೆ ಒಂದೇ ದೊಡ್ಡ ಮ್ಯೂಸಿಯಂ. ಒಂದು ಮ್ಯೂಸಿಯಂನಲ್ಲಿ ಮೂರೇ ವಸ್ತು, ಅದೂ ಮನೆಯಲ್ಲೇ ಆರಿಸಿಕೊಂಡು ಹೋದದ್ದು. ಆ ಮೂರನ್ನು ಕೂತು ನೋಡಿ. ದಾರಿಯಲ್ಲಿ ಕಂಡದ್ದೆಲ್ಲ ಲಾಭ. "ಇಷ್ಟು ದೂರ ಬಂದು ಬಿಟ್ಟು ಹೋಗೋದಾ" ಅಂತ ಎಲ್ಲ ಕೋಣೆಗೂ ನುಗ್ಗಿದವರು ಸಂಜೆ ಮೆಟ್ಟಿಲ ಮೇಲೆ ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿರುತ್ತಾರೆ. ನಾವೂ ಒತ್ತಿಕೊಂಡಿದ್ದೇವೆ.

ಪುಕ್ಕಟೆಯ ದೊಡ್ಡ ಅನುಕೂಲವೇ ಇದು. 30 ಪೌಂಡ್ ಕೊಟ್ಟಿದ್ದರೆ ಪೂರ್ತಿ ನೋಡಿಯೇ ಹೊರಬರಬೇಕು ಅನಿಸುತ್ತೆ. ಪುಕ್ಕಟೆ ಆದ್ದರಿಂದ ಮುಕ್ಕಾಲು ಗಂಟೆ ನೋಡಿ ಹೊರಬರಬಹುದು, ನಾಳೆ ಮತ್ತೆ ಹೋಗಬಹುದು.

ಮೊದಲ ದಿನ: ವೆಸ್ಟ್‌ಮಿನ್‌ಸ್ಟರ್

ಬಕಿಂಗ್‌ಹ್ಯಾಂ ಅರಮನೆಯ ಕಾವಲು ಬದಲಾವಣೆ ಸಾಮಾನ್ಯವಾಗಿ ಸೋಮ, ಬುಧ, ಶುಕ್ರ ಮತ್ತು ಭಾನುವಾರ ಬೆಳಿಗ್ಗೆ 11ಕ್ಕೆ. ಹೊರಡುವ ಮುನ್ನ ಆ ದಿನ ಇದೆಯೋ ಇಲ್ಲವೋ ನೋಡಿ, ಜೋರು ಮಳೆ ಬಂದರೆ ರದ್ದು. ಎಲ್ಲರೂ ಅರಮನೆ ಗೇಟಿಗೆ ಅಂಟಿಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಹತ್ತೂವರೆ ಸುಮಾರಿಗೆ ಪಕ್ಕದ ವೆಲಿಂಗ್ಟನ್ ಬ್ಯಾರಕ್ಸ್ ಕಂಬಿಯ ಹತ್ತಿರ ನಿಂತುಕೊಳ್ಳಿ. ಕರಡಿ ತುಪ್ಪಳದ ಟೋಪಿಯ ಸೈನಿಕರು, ಬ್ಯಾಂಡಿನವರು ಸಾಲುಗಟ್ಟುವುದು ಅಲ್ಲೇ. ನಮ್ಮ ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡ್ ಕೇಳಿ ಬೆಳೆದವರಿಗೆ ಬ್ಯಾಂಡ್ ಹೊಸದಲ್ಲ. ಆದರೂ ಅಷ್ಟು ಹತ್ತಿರದಿಂದ ಡ್ರಮ್ಮಿನ ಸದ್ದು ಎದೆಗೇ ಬಡಿಯುತ್ತೆ.

ಅಲ್ಲಿಂದ ಸೇಂಟ್ ಜೇಮ್ಸ್ ಪಾರ್ಕ್ ಒಳಗೆ ನಡೆಯಿರಿ. ಕೆರೆಯಲ್ಲಿ ಹೆಜ್ಜಾರ್ಲೆಗಳಿವೆ. ಮೊದಲನೆಯವನ್ನು 1664ರಲ್ಲಿ ರಷ್ಯಾದ ರಾಯಭಾರಿ ರಾಜ ಎರಡನೇ ಚಾರ್ಲ್ಸ್‌ಗೆ ಉಡುಗೊರೆ ಕೊಟ್ಟದ್ದು. ಮಧ್ಯಾಹ್ನ ಎರಡೂವರೆಯಿಂದ ಮೂರರ ಒಳಗೆ ಅವಕ್ಕೆ ಮೀನು ಹಾಕುತ್ತಾರೆ. ಮಂಡ್ಯದ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಮೇಲೆ ನೋಡಿದ ಹಕ್ಕಿಯ ದಾಯಾದಿಗಳನ್ನು ಇಲ್ಲಿ ಹುಲ್ಲಿನ ಮೇಲೆ ಅಡ್ಡಾಡುತ್ತ ಕಾಣಬಹುದು.

ಇಲ್ಲಿ ಒಂದು ಎಚ್ಚರಿಕೆ. ರಾಜರ ಪಾರ್ಕುಗಳಲ್ಲಿ ಹಸಿರು ಪಟ್ಟೆಯ ಬಟ್ಟೆ ಕುರ್ಚಿಗಳನ್ನು ಹರಡಿರುತ್ತಾರೆ. ಯಾವುದೋ ಪಾರ್ಕಲ್ಲಿ ನಮ್ಮೆಜಮಾನರು "ಎಷ್ಟು ಅನುಕೂಲ ಮಾಡಿದ್ದಾರೆ ನೋಡು" ಅಂತ ಒಂದರಲ್ಲಿ ಕೂತು ಕಣ್ಣು ಮುಚ್ಚಿದರು. ಹತ್ತು ನಿಮಿಷಕ್ಕೆ ಒಬ್ಬ ಹುಡುಗ ಬಂದು ಬಾಡಿಗೆ ಕೇಳಿದ. "ರೀ, ಏಳಿ ಏಳಿ" ಅಂತ ನಾನು ಎಬ್ಬಿಸಿದೆ. ಮರದ ಬೆಂಚು ಪುಕ್ಕಟೆ, ಬಟ್ಟೆ ಕುರ್ಚಿಗೆ ಬಾಡಿಗೆ. ನೆನಪಿರಲಿ.

ಪಾರ್ಕಿನ ಇನ್ನೊಂದು ತುದಿಯಲ್ಲಿ ಹಾರ್ಸ್ ಗಾರ್ಡ್ಸ್. ಇಲ್ಲಿ ಸಂಜೆ ನಾಲ್ಕಕ್ಕೆ ಕುದುರೆ ಕಾವಲಿನವರ ತಪಾಸಣೆ ನಡೆಯುತ್ತೆ. ಇದರ ಹಿಂದೆ ಕಥೆಯಿದೆ. 1894ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಕಾವಲಿನವರು ಕುಡಿದು ಜೂಜಾಡುತ್ತಿದ್ದರಂತೆ. ಶಿಕ್ಷೆಯಾಗಿ ನೂರು ವರ್ಷ ದಿನಾ ನಾಲ್ಕಕ್ಕೆ ತಪಾಸಣೆ ಅಂತ ಆಜ್ಞೆಯಾಯಿತು. ನೂರು ವರ್ಷ ಮುಗಿದೇ ಹೋಯಿತು, ತಪಾಸಣೆ ಮಾತ್ರ ಇನ್ನೂ ನಡೆದೇ ಇದೆ. ಸರ್ಕಾರಿ ಆಜ್ಞೆ ಅಂದರೆ ಎಲ್ಲ ಕಡೆ ಒಂದೇ.

ಅದೇ ಕಟ್ಟಡದ ಗಡಿಯಾರವನ್ನು ಕತ್ತೆತ್ತಿ ನೋಡಿ. ಎರಡು ಗಂಟೆಯ ಅಂಕಿಯ ಹತ್ತಿರ ಒಂದು ಕಪ್ಪು ಗುರುತಿದೆ. 1649ರ ಜನವರಿ 30ರಂದು ಎದುರಿನ ಬ್ಯಾಂಕ್ವೆಟಿಂಗ್ ಹೌಸ್ ಮುಂದೆ ಒಂದನೇ ಚಾರ್ಲ್ಸ್ ರಾಜನ ತಲೆ ಕಡಿದ ಹೊತ್ತು ಅದು. ನೂರಾರು ಜನ ಕೆಳಗೆ ಕುದುರೆಯ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮೇಲೆ ನೋಡುವವರು ಕಡಿಮೆ.

ಆ ರಾಜನ ವಿಚಾರಣೆ ನಡೆದ ಜಾಗವನ್ನೂ ಪುಕ್ಕಟೆ ನೋಡಬಹುದು. ಸಂಸತ್ ಭವನದ ಒಳಗಿನ ಪ್ರವಾಸಕ್ಕೆ ಟಿಕೆಟ್ ಇದೆ. ಆದರೆ ಅಧಿವೇಶನ ನಡೆಯುವಾಗ ಚರ್ಚೆ ಕೇಳಲು ಯಾರು ಬೇಕಾದರೂ ಗ್ಯಾಲರಿಗೆ ಹೋಗಬಹುದು. ಸಾಲಲ್ಲಿ ನಿಲ್ಲಬೇಕು, ವಿಮಾನ ನಿಲ್ದಾಣದಂತೆ ತಪಾಸಣೆ ಇದೆ. ಗ್ಯಾಲರಿಗೆ ಹೋಗುವ ದಾರಿ ವೆಸ್ಟ್‌ಮಿನ್‌ಸ್ಟರ್ ಹಾಲ್ ಮೂಲಕ. 1097ರಲ್ಲಿ ಕಟ್ಟಿದ್ದು. ಸುಮಾರು 73 ಮೀಟರ್ ಉದ್ದ, 20 ಮೀಟರ್ ಅಗಲ, ನಡುವೆ ಒಂದೂ ಕಂಬವಿಲ್ಲ. ಮೇಲೆ ಓಕ್ ಮರದ ಮಾಡು. ಸಾವಿರ ಕಂಬದ ಬಸದಿ ನೋಡಿದ ಕಣ್ಣಿಗೆ ಕಂಬವೇ ಇಲ್ಲದ ಈ ಹಾಲ್ ಬೇರೆ ಥರದ ಬೆರಗು. ಬುಧವಾರ ಮಧ್ಯಾಹ್ನ ಪ್ರಧಾನಿಗೆ ಪ್ರಶ್ನೆ ಕೇಳುವ ಹೊತ್ತು ತುಂಬಾ ರಶ್, ಅದನ್ನು ಬಿಟ್ಟುಬಿಡಿ. ಆಗಸ್ಟ್‌ನಲ್ಲಿ ಅಧಿವೇಶನಕ್ಕೆ ರಜೆ.

ಸಂಜೆ ಐದಕ್ಕೆ ಪಕ್ಕದ ವೆಸ್ಟ್‌ಮಿನ್‌ಸ್ಟರ್ ಅಬ್ಬೆ. ಹಗಲು ಒಳಹೋಗಲು ದುಬಾರಿ ಟಿಕೆಟ್. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ 5ಕ್ಕೆ ನಡೆಯುವ ಪ್ರಾರ್ಥನೆಗೆ, ಈವನ್‌ಸಾಂಗ್ ಅಂತಾರೆ, ಎಲ್ಲರಿಗೂ ಪುಕ್ಕಟೆ ಪ್ರವೇಶ. ಬಾಗಿಲಲ್ಲಿ "ಈವನ್‌ಸಾಂಗಿಗೆ ಬಂದಿದ್ದೇವೆ" ಅಂದರೆ ಸಾಕು. ಯಾವ ಧರ್ಮ ಅಂತ ಕೇಳೋದಿಲ್ಲ. ಫೋಟೊ ತೆಗೆಯುವ ಹಾಗಿಲ್ಲ, ಸಮಾಧಿಗಳ ಸುತ್ತ ಅಡ್ಡಾಡುವ ಹಾಗಿಲ್ಲ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಆ ಎತ್ತರದ ಕಲ್ಲಿನ ಚಾವಣಿಯಡಿ ಮಕ್ಕಳ ದನಿ ಏರುವಾಗ ಒಂದು ಪದ ಅರ್ಥವಾಗದಿದ್ದರೂ ಪರವಾಗಿಲ್ಲ. ಸೇಂಟ್ ಪಾಲ್ಸ್‌ನಲ್ಲೂ ಇದೇ ವ್ಯವಸ್ಥೆ ಇದೆ. ನಮಗೆ ಅಬ್ಬೆಯೇ ಹಿಡಿಸಿತು.

ಬೇಸಿಗೆಯಾದರೆ ಇನ್ನೂ ಬೆಳಕಿರುತ್ತೆ. ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ. ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಓಡಾಟದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪದ ಬಸವಣ್ಣ ಬ್ರಿಟಿಷ್ ಸಂಸತ್ತಿನ ಆಚೆ ದಡದಲ್ಲಿ! ನಾವು ಹೋದಾಗ ಯಾರೋ ಪಾದದ ಹತ್ತಿರ ಒಂದು ಸೇವಂತಿಗೆ ಇಟ್ಟು ಹೋಗಿದ್ದರು. ಬಾಡಿರಲಿಲ್ಲ.

ಎರಡನೇ ದಿನ: ಬ್ಲೂಮ್ಸ್‌ಬರಿ

ಬ್ರಿಟಿಷ್ ಮ್ಯೂಸಿಯಂಗೆ ಮುಂಬಾಗಿಲ ಸಾಲು ಉದ್ದವಿದ್ದರೆ ಹಿಂದಿನ ಮಾಂಟೆಗ್ಯೂ ಪ್ಲೇಸ್ ಬಾಗಿಲಿಗೆ ಹೋಗಿ ನೋಡಿ. ದೊಡ್ಡ ಸೂಟ್‌ಕೇಸ್ ಒಳಗೆ ಬಿಡೋದಿಲ್ಲ. ನಮ್ಮ ಮೂರು ವಸ್ತು ಇವು. 4ನೇ ಕೋಣೆಯ ರೊಸೆಟ್ಟಾ ಕಲ್ಲು. ಒಂದೇ ಶಾಸನ ಮೂರು ಲಿಪಿಗಳಲ್ಲಿ, ಕ್ರಿಸ್ತಪೂರ್ವ 196ರದ್ದು. ಅದರಿಂದಲೇ ಈಜಿಪ್ಟಿನ ಚಿತ್ರಲಿಪಿ ಓದಲು ಸಾಧ್ಯವಾಯಿತು. ಆಮೇಲೆ 10ನೇ ಕೋಣೆಯ ಅಸಿರಿಯಾದ ಸಿಂಹಬೇಟೆಯ ಉಬ್ಬುಚಿತ್ರ. ಮೂರನೆಯದು ಅಮರಾವತಿ ಸ್ತೂಪದ ಕಲ್ಲುಗಳು. ಆಂಧ್ರದಿಂದ ಹೋದವು. ರೊಸೆಟ್ಟಾ ಮುಂದೆ ಕಾಲಿಡಲು ಜಾಗವಿಲ್ಲ, ಅಮರಾವತಿಯ ಮುಂದೆ ನಾವಿಬ್ಬರು ಮತ್ತು ಒಬ್ಬ ಕಾವಲುಗಾರ. ಸ್ವಯಂಸೇವಕರು ನಡೆಸುವ ಅರ್ಧ ಗಂಟೆ ಸುಮಾರಿನ ಉಚಿತ ಪ್ರವಾಸಗಳೂ ಇವೆ. ಐ ಓಪನರ್ ಅಂತ ಹೆಸರು, ಒಂದು ಕೋಣೆ ಆರಿಸಿಕೊಂಡು ಸೇರಿಕೊಳ್ಳಿ.

ಹೊರಬಂದು ಗೋರ್ಡನ್ ಸ್ಕ್ವೇರ್ ಕಡೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮರಗಳ ನಡುವೆ ಒಬ್ಬ ಹೆಣ್ಣುಮಗಳ ಚಿಕ್ಕ ಕಂಚಿನ ಪ್ರತಿಮೆ. ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದವಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರ ನಾಜಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ಗೆ ಹೋಗಿ ಗುಟ್ಟಾಗಿ ರೇಡಿಯೊ ಸಂದೇಶ ಕಳಿಸುತ್ತಿದ್ದಳು. ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್‌ನಲ್ಲಿ ಡಾಕೌ ಶಿಬಿರದಲ್ಲಿ ಕೊಂದರು. ಬ್ರಿಟಿಷರೊಡನೆ ಹೋರಾಡಿ ಸತ್ತವನ ಕುಡಿ ಬ್ರಿಟಿಷರಿಗಾಗಿ ಸತ್ತಳು. ಹತ್ತಿರದ ಟ್ಯಾವಿಟನ್ ರಸ್ತೆಯ ಮನೆಯ ಗೋಡೆಗೆ 2020ರಲ್ಲಿ ಅವಳ ಹೆಸರಿನ ನೀಲಿ ಫಲಕ ಹಾಕಿದ್ದಾರೆ. ಇಂಥ ನೀಲಿ ಫಲಕ ಹುಡುಕುವುದೇ ಒಂದು ಆಟ, ಊರ ತುಂಬಾ ಸಾವಿರಕ್ಕೂ ಜಾಸ್ತಿ ಇವೆ. ಪಕ್ಕದ ಟ್ಯಾವಿಸ್ಟಾಕ್ ಸ್ಕ್ವೇರಿನಲ್ಲಿ ಗಾಂಧೀಜಿ ಕೂತಿದ್ದಾರೆ. ಬುತ್ತಿ ಬಿಚ್ಚಲು ಒಳ್ಳೆಯ ಜಾಗ.

ಕಾಲಲ್ಲಿ ಇನ್ನೂ ಕಸುವಿದ್ದರೆ ಬ್ರಿಟಿಷ್ ಲೈಬ್ರರಿಯ ಟ್ರೆಷರ್ಸ್ ಗ್ಯಾಲರಿ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾ ಇರುವ ಊರು ಇದೇ, ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಎರಡು ಈ ಲೈಬ್ರರಿಯವು.

ಮೂರನೇ ದಿನ: ಸೌತ್ ಕೆನ್ಸಿಂಗ್ಟನ್, ಟಿಪ್ಪುವಿನ ಹುಲಿ

ಈ ದಿನವನ್ನು ಮಳೆಗೆ ಮೀಸಲಿಡಿ. ಟ್ಯೂಬ್ ಸ್ಟೇಷನ್ನಿನಿಂದ ಮ್ಯೂಸಿಯಂಗಳ ತನಕ ನೆಲದಡಿಯ ನಡೆದಾರಿ ಇದೆ, ಕೊಡೆ ಬಿಚ್ಚುವ ಕೆಲಸವಿಲ್ಲ. ಮೂರು ದೊಡ್ಡ ಮ್ಯೂಸಿಯಂ ಅಕ್ಕಪಕ್ಕ. ಮಕ್ಕಳಿದ್ದರೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತಲೆಯ ಮೇಲೆ ತೂಗುತ್ತಿರುತ್ತೆ. ಸೈನ್ಸ್ ಮ್ಯೂಸಿಯಂನಲ್ಲಿ ಚಂದ್ರನ ಸುತ್ತ ಹೋಗಿ ಬಂದ ಅಪೋಲೊ 10ರ ಕೋಶ.

ನಮಗೆ ಬೇಕಾದದ್ದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಪ್ಪುವಿನ ಹುಲಿ, ಅಂದರೆ ಅವನ ಅರಮನೆಯಲ್ಲಿದ್ದ ಮರದ ಹುಲಿಬೊಂಬೆ, ಇರುವುದು ಅಲ್ಲಿ. ಯಾವ ಕೋಣೆಯಲ್ಲಿ ಇಟ್ಟಿದ್ದಾರೆ ಅಂತ ಆ ದಿನ ಜಾಲತಾಣದಲ್ಲಿ ನೋಡಿಕೊಂಡೇ ಹೋಗಿ, ಸಂಗ್ರಹಗಳನ್ನು ಆಗಾಗ ಸ್ಥಳ ಬದಲಿಸುತ್ತಾರೆ.

ಫೋಟೊದಲ್ಲಿ ಚಿಕ್ಕ ಗೊಂಬೆಯಂತೆ ಕಾಣುತ್ತೆ. ಎದುರು ನಿಂತಾಗಲೇ ಗೊತ್ತಾಗೋದು, ಅದು ಆಳುದ್ದ ಇದೆ. ಕೆಂಪು ಕೋಟಿನ ಬಿಳಿಯ ಅಂಗಾತ ಮಲಗಿದ್ದಾನೆ, ತಲೆಯ ಮೇಲೆ ಕಪ್ಪು ಟೋಪಿ ಇನ್ನೂ ಇದೆ. ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ, ಅದರೊಳಗೆ ಪುಟ್ಟ ಹಾರ್ಮೋನಿಯಂ ಥರದ ಮನೆಗಳು. ಹಿಡಿಕೆ ತಿರುಗಿಸಿದರೆ ಬಿದ್ದವನ ಕೈ ಮೇಲೆ ಕೆಳಗೆ ಆಡಿ ನರಳುವ ಸದ್ದು, ಹುಲಿಯ ಗುರುಗುಟ್ಟು ಎರಡೂ ಬರುತ್ತಿತ್ತು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ತಿರುಗಿಸುವ ಹಾಗಿಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಎತ್ತಿಕೊಂಡು ಹೋದದ್ದು. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ 1808ರಿಂದಲೇ ಜನರಿಗೆ ತೋರಿಸುತ್ತಿದ್ದರು. ನಮ್ಮೆಜಮಾನರು ಬಹಳ ಹೊತ್ತು ಸುಮ್ನೆ ನಿಂತಿದ್ದರು. ಪಕ್ಕದಲ್ಲಿ ಸ್ಕೂಲಿನ ಇಂಗ್ಲಿಷ್ ಮಕ್ಕಳು ಅದರ ಚಿತ್ರ ಬರೆಯುತ್ತಿದ್ದರು. ಒಬ್ಬಳು ಹುಲಿಗಷ್ಟೇ ಬಣ್ಣ ತುಂಬಿ ಮನುಷ್ಯನನ್ನು ಹಾಗೇ ಬಿಟ್ಟಿದ್ದಳು.

ಅಲ್ಲೇ ಅಚ್ಚುಗಳ ಅಂಗಳ ಅಂತ ಎರಡು ದೊಡ್ಡ ಸಭಾಂಗಣ. ಯುರೋಪಿನ ಪ್ರಸಿದ್ಧ ಶಿಲ್ಪಗಳ ಪ್ಲಾಸ್ಟರ್ ನಕಲು. ಮೈಕೆಲೇಂಜೆಲೊನ ಡೇವಿಡ್ ಬೆತ್ತಲೆ ನಿಂತಿದ್ದಾನೆ, ಐದು ಮೀಟರ್ ಎತ್ತರ. ಹಿಂದುಗಡೆ ಒಂದು ಪೆಟ್ಟಿಗೆಯಲ್ಲಿ ಪ್ಲಾಸ್ಟರಿನ ಅಂಜೂರದೆಲೆ. ರಾಜಮನೆತನದ ಹೆಂಗಸರು ಬರುವಾಗ ನೇತುಹಾಕಲು ಮಾಡಿಸಿದ್ದಂತೆ. ತಪ್ಪದೆ ನೋಡಿ.

ನಾಲ್ಕನೇ ದಿನ: ಹಳೆಯ ಸಿಟಿ

ಇದು ವಾರದ ದಿನವೇ ಆಗಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್ ಮ್ಯೂಸಿಯಂ ಸೋಮವಾರದಿಂದ ಶುಕ್ರವಾರದವರೆಗೆ ತೆರೆದಿರುತ್ತೆ. ಇಲ್ಲಿ ಒಂದು ಪೆಟ್ಟಿಗೆಗೆ ಕೈ ತೂರಿಸಿ ನಿಜವಾದ ಚಿನ್ನದ ಗಟ್ಟಿಯನ್ನು ಎತ್ತಬಹುದು. ಸುಮಾರು 13 ಕೆಜಿ. ಒಂದೇ ಕೈಯಲ್ಲಿ ಎತ್ತಲು ನನ್ನಿಂದ ಆಗಲಿಲ್ಲ. ಕೋಲಾರದ ಗಣಿಗಳನ್ನು 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ ಅನ್ನೋದು ಆಗ ನೆನಪಾಯಿತು. ಕೈ ಇನ್ನೂ ಸ್ವಲ್ಪ ಹೊತ್ತು ಒಳಗೇ ಇಟ್ಟುಕೊಂಡೆ.

ಗಿಲ್ಡ್‌ಹಾಲ್ ಅಂಗಳದಲ್ಲಿ ನೆಲದ ಮೇಲೆ ಕಪ್ಪು ಕಲ್ಲಿನ ದೊಡ್ಡ ವೃತ್ತ ಕಾಣುತ್ತೆ. ಅದರ ಕೆಳಗೆ ರೋಮನ್ನರ ಕಾಳಗದ ಅಖಾಡ. 1988ರಲ್ಲಿ ಸಿಕ್ಕಿದ್ದು. ಪಕ್ಕದ ಚಿತ್ರಶಾಲೆಯ ನೆಲಮಾಳಿಗೆಗೆ ಇಳಿದರೆ ಅವಶೇಷ ನೋಡಬಹುದು. ಬುಕ್ ಮಾಡಿಟ್ಟ ಮಿಥ್ರೇಯಂ ಅಲ್ಲಿಂದ ಹತ್ತಿರ. ಕಚೇರಿ ಕಟ್ಟಡದ ಕೆಳಗೆ ಏಳು ಮೀಟರ್ ಆಳದಲ್ಲಿ ಕತ್ತಲೆ, ಮಂಜು, ಲ್ಯಾಟಿನ್ ಮಾತು. ಸ್ವಲ್ಪ ನಾಟಕ ಜಾಸ್ತಿಯಾಯಿತು ಅನಿಸಿತು ನನಗೆ, ಅವರಿಗೆ ಬಹಳ ಹಿಡಿಸಿತು.

ಸ್ಕೈ ಗಾರ್ಡನ್ ಇರುವ ಕಟ್ಟಡಕ್ಕೆ ಹೊಟ್ಟೆ ಮುಂದೆ ಬಂದ ಆಕಾರ. 2013ರಲ್ಲಿ ಕಟ್ಟುತ್ತಿದ್ದಾಗ ಅದರ ಬಾಗಿದ ಗಾಜಿನಿಂದ ಪ್ರತಿಫಲಿಸಿದ ಬಿಸಿಲಿಗೆ ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳು ಕರಗಿದ್ದವು. ಮೇಲೆ ಹೋದರೆ ಆ ಕಟ್ಟಡ ಕಾಣೋದಿಲ್ಲ ಅನ್ನೋದೇ ಒಂದು ಲಾಭ. ಹತ್ತಿರದಲ್ಲೇ ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್. ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಚರ್ಚು, ಈಗ ಗೋಡೆಗಳ ಮೇಲೆ ಬಳ್ಳಿ ಹಬ್ಬಿದ ತೋಟ. ಅಲ್ಲಿ ಕೂತು ಉಸಿರಾಡಿಸಿಕೊಂಡು ಟವರ್ ಬ್ರಿಡ್ಜ್ ಕಡೆ ಹೊರಡಿ. ಸೇತುವೆ ವರ್ಷಕ್ಕೆ ಸುಮಾರು 800 ಸಲ ಏಳುತ್ತೆ, ಯಾವ ದಿನ ಎಷ್ಟು ಹೊತ್ತಿಗೆ ಅನ್ನೋದು ಅವರ ಜಾಲತಾಣದಲ್ಲಿ ಮೊದಲೇ ಹಾಕಿರುತ್ತಾರೆ. ನಮಗೆ ಮೊದಲ ವಾರ ಸಿಕ್ಕಿದ್ದು ಬರೀ ಅದೃಷ್ಟ.

ಶುಕ್ರವಾರ ಸಂಜೆ ಬಿಡಬೇಡಿ

ಶುಕ್ರವಾರ ದೊಡ್ಡ ಮ್ಯೂಸಿಯಂಗಳು ತಡವಾಗಿ ಮುಚ್ಚುತ್ತವೆ. ಬ್ರಿಟಿಷ್ ಮ್ಯೂಸಿಯಂ ಎಂಟೂವರೆ, ನ್ಯಾಷನಲ್ ಗ್ಯಾಲರಿ ಒಂಬತ್ತು, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಹತ್ತು. ಶಾಲೆಯ ಮಕ್ಕಳಿಲ್ಲ, ಟೂರ್ ಗುಂಪುಗಳು ಊಟಕ್ಕೆ ಹೋಗಿರುತ್ತವೆ. ಆ ಹೊತ್ತಲ್ಲಿ ನ್ಯಾಷನಲ್ ಗ್ಯಾಲರಿಗೆ ಹೋಗಿ ಹೋಲ್ಬೈನ್ 1533ರಲ್ಲಿ ಬರೆದ 'ರಾಯಭಾರಿಗಳು' ಚಿತ್ರ ಹುಡುಕಿ. ಇಬ್ಬರು ಗಂಡಸರು, ಅವರ ಕಾಲಡಿ ಓರೆಯಾಗಿ ಬಿದ್ದ ಏನೋ ಒಂದು ಬೂದು ಗೆರೆ. ಚಿತ್ರದ ಬಲತುದಿಗೆ, ಗೋಡೆಗೆ ಹತ್ತಿರ ನಿಂತು ಓರೆಗಣ್ಣಲ್ಲಿ ನೋಡಿ. ಗೆರೆ ತಲೆಬುರುಡೆಯಾಗುತ್ತೆ. ಹಗಲು ರಶ್ಶಿನಲ್ಲಿ ಆ ಮೂಲೆಗೆ ನಿಲ್ಲಲು ಜಾಗವೇ ಸಿಗೋದಿಲ್ಲ.

ಊಟ, ನೀರು, ಟಾಯ್ಲೆಟ್

ಪುಕ್ಕಟೆ ಸುತ್ತಾಟದ ಉಳಿತಾಯವೆಲ್ಲ ಹೋಟೆಲಲ್ಲಿ ಹೋಗಿಬಿಡುತ್ತೆ. ನಾವು ಚಪಾತಿಗೆ ಪಲ್ಯ ಸುತ್ತಿ ಫಾಯಿಲಲ್ಲಿ ಕಟ್ಟಿಕೊಳ್ಳುತ್ತಿದ್ದೆವು. ಚಿತ್ರಾನ್ನ ತಣ್ಣಗಾದರೆ ಅಲ್ಲಿನ ಚಳಿಗೆ ಗಟ್ಟಿಯಾಗುತ್ತೆ, ಚಪಾತಿಯೇ ವಾಸಿ. ಖಾಲಿ ಬಾಟಲಿ ಇರಲಿ, ನಲ್ಲಿ ನೀರು ಕುಡಿಯಬಹುದು, ಮ್ಯೂಸಿಯಂಗಳಲ್ಲಿ ತುಂಬಿಸಿಕೊಳ್ಳಬಹುದು. ಕೆಲವು ಕಡೆ ಟಾಯ್ಲೆಟ್ಟಿಗೆ ಕಾಸು ಕೊಡಬೇಕು, ಮ್ಯೂಸಿಯಂನಲ್ಲಿ ಪುಕ್ಕಟೆ ಮತ್ತು ಸ್ವಚ್ಛ. ಹೊರಬರುವ ಮುನ್ನ ಬೇಕೋ ಬೇಡವೋ ಒಮ್ಮೆ ಹೋಗಿಬನ್ನಿ. ನಮ್ಮ ವಯಸ್ಸಿನವರಿಗೆ ಇಡೀ ಬರಹದಲ್ಲಿ ಇದಕ್ಕಿಂತ ಉಪಯೋಗದ ಮಾತಿಲ್ಲ.

'ಉಚಿತ ವಾಕಿಂಗ್ ಟೂರ್' ಅಂತ ಬೋರ್ಡ್ ಹಿಡಿದವರು ಸಿಗುತ್ತಾರೆ. ಕೊನೆಯಲ್ಲಿ ಟಿಪ್ಸ್ ನಿರೀಕ್ಷಿಸುತ್ತಾರೆ, ಅದೇ ಅವರ ಸಂಬಳ. ಚೆನ್ನಾಗಿ ಹೇಳಿದರೆ ಕೊಡಿ, ಆದರೆ ಪುಕ್ಕಟೆ ಅಂದುಕೊಂಡು ಸೇರಬೇಡಿ.

ಕೊನೆಯ ದಿನ: ಗ್ರಿನಿಚ್

ಬಿಸಿಲಿರುವ ದಿನ ಇಟ್ಟುಕೊಳ್ಳಿ. ಮ್ಯಾರಿಟೈಮ್ ಮ್ಯೂಸಿಯಂ ಪುಕ್ಕಟೆ. ನೌಕಾಸೇನಾಪತಿ ನೆಲ್ಸನ್ನನ, ಗುಂಡು ತಗುಲಿದ ತೂತಿರುವ ಕೋಟು ಅದರಲ್ಲಿದೆ. ಪಕ್ಕದ ಕ್ವೀನ್ಸ್ ಹೌಸ್ ಕೂಡ ಪುಕ್ಕಟೆ. ಆಮೇಲೆ ನಿಧಾನವಾಗಿ ಗುಡ್ಡ ಹತ್ತಿ. ವೀಕ್ಷಣಾಲಯದ ಅಂಗಳದಲ್ಲಿ ಸೊನ್ನೆ ರೇಖಾಂಶದ ಮೇಲೆ ಕಾಲಿಟ್ಟು ನಿಲ್ಲಲು ಟಿಕೆಟ್. ಅದೇ ರೇಖೆ ಗೋಡೆಯ ಹೊರಗಿನ ಕಾಲುದಾರಿಯಲ್ಲೂ ಹಾದಿದೆ, ಅಲ್ಲಿ ನಿಲ್ಲಲು ಟಿಕೆಟ್ ಬೇಕಿಲ್ಲ. ರೇಖೆ ಒಂದೇ ಅಲ್ವಾ.

ಗೇಟಿನ ಪಕ್ಕ 1852ರ ಗಡಿಯಾರವೊಂದಿದೆ, ಅದರಲ್ಲಿ 24 ಗಂಟೆಗಳ ಅಂಕಿ. ನಮ್ಮೆಜಮಾನರು ತಮ್ಮ ಕೈಗಡಿಯಾರ ನೋಡಿ "ಇವರದ್ದೇ ಒಂದು ಗಂಟೆ ಹಿಂದಿದೆಯಲ್ಲೇ" ಅಂದರು. ಅದು ಬೇಸಿಗೆಯಲ್ಲೂ ಗ್ರಿನಿಚ್ ಸಮಯವನ್ನೇ ತೋರಿಸುತ್ತೆ, ಊರಿನ ಗಡಿಯಾರಗಳು ಒಂದು ಗಂಟೆ ಮುಂದಿರುತ್ತವೆ. ನಮ್ಮ ಐದೂವರೆ ಗಂಟೆಯ ಲೆಕ್ಕ ಶುರುವಾಗೋದು ಈ ಗೋಡೆಯ ಗಡಿಯಾರದಿಂದಲೇ.

ಹನ್ನೆರಡೂ ಮುಕ್ಕಾಲಿಗೆ ಅಲ್ಲಿರಿ. ಕಟ್ಟಡದ ತುದಿಯ ಕಂಬದಲ್ಲಿ ಒಂದು ಕೆಂಪು ಚೆಂಡಿದೆ. 12.55ಕ್ಕೆ ಅರ್ಧ ಏರುತ್ತೆ, 12.58ಕ್ಕೆ ಪೂರ್ತಿ. ಸರಿಯಾಗಿ ಒಂದಕ್ಕೆ ಕೆಳಗೆ ಬೀಳುತ್ತೆ. ಥೇಮ್ಸ್‌ನಲ್ಲಿದ್ದ ಹಡಗಿನವರು ಇದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಲಿ ಅಂತ 1833ರಿಂದ ನಡೆದುಬಂದದ್ದು. ಗಾಳಿ ಜೋರಿದ್ದರೆ ಬೀಳಿಸೋದಿಲ್ಲ.

ಇಳಿದು ನದಿಯ ಹತ್ತಿರ ಬಂದರೆ ಗುಂಡನೆಯ ಪುಟ್ಟ ಗುಮ್ಮಟದ ಕಟ್ಟಡ. 1902ರ ಕಾಲ್ನಡಿಗೆ ಸುರಂಗದ ಬಾಯಿ ಅದು. ಒಳಗೆ ಬಿಳಿ ಹೆಂಚಿನ ಗೋಡೆ, ತಲೆಯ ಮೇಲೆ ಇಡೀ ಥೇಮ್ಸ್, ಸುಮಾರು 370 ಮೀಟರ್ ನಡಿಗೆ. ಲಿಫ್ಟು ಕೆಟ್ಟಿದ್ದರೆ ಮೆಟ್ಟಿಲು ಇಳಿದು ಹತ್ತಬೇಕು, ಅದಕ್ಕೇ ಇದನ್ನು ಕೊನೆಗೆ ಇಟ್ಟದ್ದು. ನಾವು ಹೋದ ದಿನ ಆಚೆ ತುದಿಯ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿನ ನಡುವೆ ಎರಡು ಸಲ ನಿಂತೆವು. ಮೇಲೆ ಐಲೆಂಡ್ ಗಾರ್ಡನ್ಸ್ ಪಾರ್ಕಿನಲ್ಲಿ ನದಿಗೆ ಮುಖಮಾಡಿದ ಬೆಂಚು, ಮರದ್ದು, ಬಾಡಿಗೆಯಿಲ್ಲದ್ದು. ಕೂತು ಆಚೆ ದಡ ನೋಡಿದೆವು. ಬಿಳಿ ಕಟ್ಟಡಗಳು, ಹಿಂದೆ ಹಸಿರು ಗುಡ್ಡ, ಅದರ ಮೇಲೆ ಸಾಸಿವೆಯಷ್ಟು ಕೆಂಪು ಚೆಂಡು. ನಮ್ಮೆಜಮಾನರು ಫಾಯಿಲ್ ಬಿಚ್ಚಿ ಕೊನೆಯ ಚಪಾತಿಯನ್ನು ಎರಡು ಮಾಡಿದರು.